ನೊಣಗಳಿಲ್ಲದ ಕೋಣೆ

ತಾವರಗೇರಾ
14 ಜೂನ್ 2025

ಶ್ರೀ ಪ್ರಭುರಾಜ ಅವರಿಗೆ,

ನನ್ನ ತಮ್ಮ ಜಾವೇದನ ಮಣ್ಣಿಗೆ ಬಂದು ಕಬರಸ್ತಾನದ ಗೇಟಿನಲ್ಲಿಯೇ ನಿಂತು ಹೊರಟುಹೋದಿರಿ. ಆವತ್ತಿನಿಂದ ನಿಮ್ಮ ಹೆಸರನ್ನು ನಾನು ಬಾಯಲ್ಲಿ ಆಡಿಲ್ಲ, ಕೈಯಲ್ಲಿ ಬರೆದಿಲ್ಲ. ಇವತ್ತು ಬರೆಯಬೇಕಾಗಿದೆ. ಫೋನು ಮಾಡಬಹುದಿತ್ತು. ಆದರೆ ಜನರ ದನಿಯನ್ನು ಹಿಡಿದಿಟ್ಟುಕೊಂಡು ನೀವು ಏನು ಮಾಡುತ್ತೀರಿ ಎಂಬುದನ್ನು ಮೊನ್ನೆ ಕಿವಿಯಾರೆ ಕೇಳಿದೆ. ನನ್ನ ದನಿ ನಿಮಗೆ ಸಿಗಬಾರದು.

ನಮ್ಮ ಶಾಲೆಯಲ್ಲಿ ಗಣಿತ ಕಲಿಸುವ ಸುರೇಖಾ ಗುರುವಾರ ಊಟದ ಬಿಡುವಿನಲ್ಲಿ ಮೊಬೈಲು ಹಿಡಿದು ಅಳುತ್ತ ಕುಳಿತಿದ್ದರು. ಏನಾಯಿತೆಂದು ಕೇಳಿದೆ. "ಒಂದು ಗೇಮ್ ಐತ್ರಿ ಉಜ್ಮಾ ಟೀಚರ್. 'ಗಡ್ಡೆಯ ಗೆಳೆಯ' ಅಂತ. ಕೊಪ್ಪಳದವ್ರ ಮಾಡ್ಯಾರ. ಕಡೀಕ ಗೆಳ್ಯಾ ಸಾಯ್ತಾನ್ರಿ. ಭಾಳ ಛಂದ ಮಾಡ್ಯಾರ," ಎಂದು ಅವರ ಇಯರ್‌ಫೋನನ್ನು ನನ್ನ ಕಿವಿಗೆ ಇಟ್ಟರು. ನನ್ನ ಕೈಯಲ್ಲಿ ರೊಟ್ಟಿಯ ತುತ್ತಿತ್ತು. "ಬಾ ಲೇ ದೋಸ್ತ, ಇಷ್ಟ್ಯಾಕ ತಡಾ ಮಾಡಿದಿ?" ಎಂದು ನನ್ನ ತಮ್ಮ ಕೇಳಿದ.

ನಾನು ಎದ್ದು ಶಾಲೆಯ ಹಿಂದಿನ ನೀರಿನ ಟಾಕಿಯ ಹತ್ತಿರ ಹೋಗಿ ಉಂಡದ್ದನ್ನೆಲ್ಲ ಕಾರಿದೆ.

ಆ ಸಂಜೆ ಅದನ್ನು ನನ್ನ ಫೋನಿಗೆ ಹಾಕಿಸಿಕೊಂಡು ಮೂರು ದಿನ ಕೂತು ಮುಗಿಸಿದ್ದೇನೆ. ಆಡದೆ ಬೈದಳು ಎಂದು ನೀವು ಹೇಳಬಾರದಲ್ಲ. ಆಡುವವನು ಒಬ್ಬ ದಾರಿಹೋಕನ ಪಾತ್ರ ವಹಿಸಬೇಕು. ಜಾವೇದ ಎಂಬ ಅವನ ಗೆಳೆಯ ಮಾತು ಕಳೆದುಕೊಂಡಿದ್ದಾನೆ. ದಾರಿಹೋಕ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಂದು ಊರೂರು ತಿರುಗಿ, ಆ ಗೆಳೆಯನನ್ನು ಬಲ್ಲವರಿಂದ ಒಂದೊಂದು ನೆನಪು ಕೇಳಿ ತರಬೇಕು. ನೆನಪು ತಂದಷ್ಟೂ ಗೆಳೆಯನಿಗೆ ಮಾತು ಮರಳುತ್ತದೆ. ಕೊನೆಗೆ ಹೊಳೆಯ ನಡುವಿನ ವಿರೂಪಾಪುರಗಡ್ಡೆಯಲ್ಲಿ ಒಂದು ಕೋಣೆ. ಬಿಳಿ ಹಾಸಿಗೆ, ಕಿಟಕಿಯಾಚೆ ಹಸಿರು ಭತ್ತ. ದಾರಿಹೋಕ ಗೆಳೆಯನ ಕೈ ಹಿಡಿದು ಕೂರುತ್ತಾನೆ. ಗೆಳೆಯ ನಗುತ್ತ, ಮಾತಾಡುತ್ತ ಕಣ್ಣು ಮುಚ್ಚುತ್ತಾನೆ. ಮೇಲಿಂದ ಹೂವು ಉದುರುತ್ತವೆ.

ಪ್ರಭುರಾಜ ಅವರೇ, ನನ್ನ ತಮ್ಮನಿಗೆ ಸಾಯುವಾಗ ನಾಲಿಗೆ ಇರಲಿಲ್ಲ. ಬಲಗಡೆಯ ಗಲ್ಲ ಇರಲಿಲ್ಲ. ಗುಟ್ಕಾ ತಿಂದ ಬಾಯನ್ನು ಕ್ಯಾನ್ಸರ್ ತಿಂದಿತ್ತು, ಉಳಿದದ್ದನ್ನು ಡಾಕ್ಟರರು ತೆಗೆದಿದ್ದರು, ಅವರು ಬಿಟ್ಟದ್ದನ್ನು ಹುಳ ತಿನ್ನುತ್ತಿತ್ತು. ನಿಮ್ಮ ಆ ಕೋಣೆಯಲ್ಲಿ ಒಂದೇ ಒಂದು ನೊಣವಿಲ್ಲ. ಗಂಗಾವತಿಯ ನಮ್ಮ ಮನೆಯ ಆ ಕೋಣೆಯಲ್ಲಿ ನಾನು ದಿನವಿಡೀ ನೊಣ ಹೊಡೆಯುತ್ತಿದ್ದೆ.

ಅವನ ದನಿಯನ್ನು, ಹೆಸರನ್ನು ತೆಗೆಯಿರಿ. ಹೆಣಕ್ಕೆ ಪೌಡರು ಹಚ್ಚಿ ಊರೆಲ್ಲ ಮೆರೆಸುತ್ತಿದ್ದೀರಿ. ನನಗೆ ಅಸಹ್ಯವಾಗುತ್ತಿದೆ.

ಜಾವೇದನ ಅಕ್ಕ,
ಉಜ್ಮಾ


ಕೊಪ್ಪಳ
23 ಜೂನ್ 2025

ಆಪಾ, ನಮಸ್ಕಾರ.

ನೀವು 'ಅವರೇ' ಎಂದು ಕರೆದದ್ದು ಎಲ್ಲ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಜಾವೇದನ ಜೊತೆ ನಿಮ್ಮ ಮನೆಯಲ್ಲಿ ಬೆಳೆದವನು ನಾನು. ಅವನು ಕರೆದಂತೆಯೇ ನಿಮ್ಮನ್ನು ಆಪಾ ಎಂದು ಕರೆದೆ. ಈಗಲೂ ಹಾಗೆಯೇ ಕರೆಯುತ್ತೇನೆ.

ಒಂದು ಸಂಗತಿ ನಿಮಗೆ ತಿಳಿಯದು. ಆ ದನಿ ನಾನು ಕದ್ದದ್ದಲ್ಲ. 2022ರ ಮಾರ್ಚಿನಲ್ಲಿ, ನಾಲಿಗೆ ತೆಗೆಯಬೇಕಾಗುತ್ತದೆ ಎಂದು ಡಾಕ್ಟರರು ಹೇಳಿದ ವಾರ, ಅವನು ಕೊಪ್ಪಳಕ್ಕೆ ಬಂದ. ಟೆಸ್ಟಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿದ್ದನಂತೆ. ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಯ ಒಳಕೋಣೆಯಲ್ಲಿ ಮೂರು ಮಧ್ಯಾಹ್ನ ಕೂತು ಅವನೇ ಮಾತಾಡಿದ, ನಾನು ರೆಕಾರ್ಡ್ ಮಾಡಿಕೊಂಡೆ. ಬಾಯಿ ಎರಡು ಬೆರಳಷ್ಟೇ ತೆರೆಯುತ್ತಿತ್ತು. ನೋವಾದಾಗ ನಿಲ್ಲಿಸಿ, ನೀರು ಮುಕ್ಕಳಿಸಿ, ಮತ್ತೆ ಕೂರುತ್ತಿದ್ದ. "ಮಾತು ಹೋಗೂದ್ರಾಗ ಎಲ್ಲಾ ತಗೊಂಡ್ಬಿಡು ಲೇ" ಎಂದ.

ಆಟವೂ ಅವನದೇ. ಹತ್ತನೇ ಇಯತ್ತೆಯ ರಜೆಯಲ್ಲಿ ಗಡ್ಡೆಗೆ ಹೋಗಿ ಬಂಡೆಯ ಮೇಲೆ ಕೂತು ಊರುಗಳ ನಕಾಶೆ ಬರೆದವನು ಅವನು. ಮೋಟಾರ್ ವೈಂಡಿಂಗ್ ಅಂಗಡಿಗೆ ಸೇರಿದ ಮೇಲೂ ಸಿಗರೇಟಿನ ಪಾಕೀಟಿನ ಹಿಂದೆ ಪಾತ್ರಗಳ ಚಿತ್ರ ಬರೆದು ಕಳಿಸುತ್ತಿದ್ದ. ನಾನು ಅದನ್ನು ಮುಗಿಸಿದೆ, ಅಷ್ಟೇ.

ಇದನ್ನು ಆಡಿದ ಜನ ನನಗೆ ಬರೆಯುತ್ತಾರೆ. ಹತ್ತು ವರ್ಷ ಮಾತು ಬಿಟ್ಟ ಗೆಳೆಯನಿಗೆ ಫೋನ್ ಮಾಡಿದೆ ಎಂದು ಒಬ್ಬರು, ತೀರಿಹೋದ ತಂಗಿಯ ಫೋಟೋ ತೆಗೆದು ನೋಡಿದೆ ಎಂದು ಮತ್ತೊಬ್ಬರು. ನೊಣ ತೋರಿಸಿದ್ದರೆ ಇವರು ಯಾರೂ ಕೊನೆಯವರೆಗೆ ಆಡುತ್ತಿರಲಿಲ್ಲ, ಆಪಾ. ಅವನನ್ನು ಯಾರೂ ಮುಖ ತಿರುಗಿಸದಂತೆ ನೋಡಲಿ ಎಂಬುದೇ ನನ್ನ ಆಸೆ. ನನ್ನ ನೆನಪಿನಲ್ಲಿ ಅವನು ಇರುವುದೇ ಹಾಗೆ.

ನಿಮ್ಮ
ಪ್ರಭು


ತಾವರಗೇರಾ
2 ಜುಲೈ 2025

ಪ್ರಭುರಾಜ ಅವರಿಗೆ,

ನಿಮ್ಮ ನೆನಪಿನಲ್ಲಿ ಅವನು ಹಾಗೆ ಇದ್ದಾನೆ, ಏಕೆಂದರೆ ನೀವು ಅವನನ್ನು ನೋಡಲೇ ಇಲ್ಲ.

ನಾನು ಲೆಕ್ಕ ಹಾಕಿದ್ದೇನೆ. ನೀವು ಕೊನೆಯ ಸಲ ನಮ್ಮ ಮನೆಗೆ ಬಂದದ್ದು 2022ರ ಅಕ್ಟೋಬರ್ ಒಂಬತ್ತು, ಭಾನುವಾರ. ಅವನು ತೀರಿಕೊಂಡದ್ದು ಫೆಬ್ರವರಿ ಮೂರು. ನಡುವೆ ನೂರಾ ಹದಿನೇಳು ದಿನ. ಗಂಗಾವತಿಗೂ ಕೊಪ್ಪಳಕ್ಕೂ ಬಸ್ಸಿಲ್ಲವೇ?

ಆ ಭಾನುವಾರ ಏನಾಯಿತೆಂದು ಬರೆಯುತ್ತೇನೆ. ನೀವು ಮರೆತಿರಬಹುದು. ನೀವು ಬರುತ್ತೀರೆಂದು ಅವನು ಬೆಳಿಗ್ಗೆಯೇ ಎಡಗಲ್ಲದ ಗಡ್ಡ ಬೋಳಿಸಿಕೊಂಡಿದ್ದ. ನನಗೆ ಸನ್ನೆ ಮಾಡಿ ಇಸ್ತ್ರಿ ಮಾಡಿದ ಅಂಗಿ ತರಿಸಿಕೊಂಡ. ಅಮ್ಮಿ ಲೋಬಾನದ ಹೊಗೆ ಹಾಕಿದರು. ಹೊಗೆ ವಾಸನೆಯ ಮೇಲೆ ಕೂತಿತೇ ಹೊರತು ವಾಸನೆ ಹೋಗಲಿಲ್ಲ. ನೀವು ಹೊಸ್ತಿಲ ಮೇಲೆ ಒಂದು ಕಾಲಿಟ್ಟಿರಿ. ಕರವಸ್ತ್ರ ಮೂಗಿಗೆ ಹೋಯಿತು. ಹಾಗೆಯೇ ತಿರುಗಿ ಓಡಿ ಮನೆಯ ಮುಂದಿನ ಚರಂಡಿಗೆ ಬಾಗಿದಿರಿ. ಅವನು ಕಿಟಕಿಯಿಂದ ಎಲ್ಲವನ್ನೂ ನೋಡಿದ. ನಾನು ನೀರಿನ ಚಂಬು ಹಿಡಿದು ಹೊರಗೆ ಬಂದೆ. ನೀವು ಆಗಲೇ ಓಣಿಯ ತುದಿಯಲ್ಲಿದ್ದಿರಿ.

ಒಳಗೆ ಬಂದಿದ್ದರೆ ನೀವು ಏನು ನೋಡುತ್ತಿದ್ದಿರಿ, ಅದನ್ನೂ ಹೇಳುತ್ತೇನೆ. ಗಲ್ಲದಲ್ಲಿ ನನ್ನ ಮುಷ್ಟಿ ಹಿಡಿಯುವಷ್ಟು ತೂತು. ಅದರೊಳಗಿಂದ ಹಲ್ಲಿನ ಸಾಲು ಕಾಣುತ್ತಿತ್ತು. ಟರ್ಪೆಂಟೈನ್ ಎಣ್ಣೆ ಹಾಕಿದರೆ ಹುಳ ಒಂದೊಂದಾಗಿ ಮೇಲೆ ಬರುತ್ತಿದ್ದವು, ಚಿಮಟದಿಂದ ತೆಗೆದು ಬಟ್ಟಲಿಗೆ ಹಾಕುತ್ತಿದ್ದೆ. ಒಂದು ದಿನ ಮೂವತ್ತೊಂದು. ಅವನು ಎಚ್ಚರವಾಗಿಯೇ ಇರುತ್ತಿದ್ದ. ಮೂಗಿನ ನಳಿಕೆಯಿಂದ ಗಂಜಿ ಹಾಕಿದರೆ ಅರ್ಧ ಗಲ್ಲದಿಂದ ಹೊರಗೆ ಸೋರುತ್ತಿತ್ತು.

ನಿಮ್ಮ ಆಟದಲ್ಲಿ ದಾರಿಹೋಕ ಅವನ ಕೈ ಹಿಡಿದು ಕೂತಿದ್ದಾನಲ್ಲ, ಅವನು ಯಾರು? ಅಂಥವನು ಯಾರೂ ನಮ್ಮ ಮನೆಗೆ ಬರಲಿಲ್ಲ. ನೀವು ಬರಲಾರದ ಜಾಗಕ್ಕೆ ಒಂದು ಗೊಂಬೆಯನ್ನು ಕಳಿಸಿ, ಅದರ ಹೆಸರಿನಲ್ಲಿ ಜನರ ಕಣ್ಣೀರು ಗಳಿಸುತ್ತಿದ್ದೀರಿ. ಹುಳ ತೆಗೆಯುವಾಗ ಕೂಡ ನನಗೆ ಇಷ್ಟು ಹೇಸಿಗೆಯಾಗಿರಲಿಲ್ಲ.

ಉಜ್ಮಾ


ಕೊಪ್ಪಳ
19 ಸೆಪ್ಟೆಂಬರ್ 2025

ಆಪಾ,

ಹನ್ನೊಂದು ವಾರ ಉತ್ತರ ಬರೆಯಲಾಗಲಿಲ್ಲ. ಬರೆದು ಹರಿದು ಹಾಕಿದೆ. ಎಲ್ಲದರಲ್ಲೂ ಒಂದು ನೆಪವಿತ್ತು.

ನಾನು ಮರೆತಿಲ್ಲ. ಹೊಸ್ತಿಲ ಮೇಲೆ ನಿಂತಾಗ ಅವನ ಕಣ್ಣಷ್ಟೇ ಮೊದಲಿನ ಹಾಗಿದ್ದವು. ಅವು ನನ್ನನ್ನು ಕಂಡು ನಗುತ್ತಿದ್ದವು. ಕೆಳಗೆ ನಗುವ ಬಾಯಿ ಇರಲಿಲ್ಲ. ಆಮೇಲೆ ಆ ವಾಸನೆ ಬಂತು. ಓಡುವಾಗ ಅಯ್ಯೋ ಪಾಪ ಎನ್ನಿಸಲಿಲ್ಲ ಆಪಾ. ಥೂ ಎನ್ನಿಸಿತು. ನನ್ನ ಜೀವದ ಗೆಳೆಯನನ್ನು ಕಂಡು ನನ್ನ ಮೈಯೆಲ್ಲ ಥೂ ಎಂದಿತು. ಅದನ್ನು ಯಾರ ಹತ್ತಿರವೂ ಇದುವರೆಗೆ ಹೇಳಿಲ್ಲ.

ಆಮೇಲೆ ಮೂರು ಸಲ ಬಂದೆ. ನವೆಂಬರಿನಲ್ಲಿ ಎರಡು ಸಲ, ಸಂಕ್ರಾಂತಿಯ ಮರುದಿನ ಒಂದು ಸಲ. ನಿಮ್ಮ ಓಣಿಯ ಮೂಲೆಯ ಅಕ್ಕಿ ಗಿರಣಿಯವರೆಗೆ ಬಂದು, ಹಾರುವ ಹೊಟ್ಟಿನ ಬೂದಿಯಲ್ಲಿ ನಿಂತು, ಮತ್ತೆ ಬಸ್ ಹತ್ತಿದೆ. ಮೂರನೇ ಸಲ ಅಮ್ಮಿ ನನ್ನನ್ನು ನೋಡಿದರು ಎನ್ನಿಸುತ್ತದೆ. ಅವರು ಕರೆಯಲಿಲ್ಲ.

ಇನ್ನೊಂದಿದೆ. ಮೊದಲ ಗುಟ್ಕಾ ಚೀಟು ಅವನಿಗೆ ಕೊಟ್ಟವನು ನಾನು. ಒಂಬತ್ತನೇ ಇಯತ್ತೆಯಲ್ಲಿ, ಕಾಲುವೆಯ ಸೇತುವೆಯ ಮೇಲೆ. ಒಂದು ಚೀಟು ಹರಿದು ಇಬ್ಬರೂ ಅರ್ಧರ್ಧ ಹಾಕಿಕೊಂಡೆವು. ಅವನು ಉಗುಳಿದ, ನಾನು ನಕ್ಕೆ, ಮರುದಿನ ಅವನು ಉಗುಳಲಿಲ್ಲ. ಅದೇ ಗುಟ್ಕಾವನ್ನು ಹನ್ನೆರಡು ವರ್ಷ ನಾನೂ ತಿಂದೆ. ನನ್ನ ಬಾಯಿಗೆ ಏನೂ ಆಗಲಿಲ್ಲ. ಆ ಬಾಗಿಲಿನಲ್ಲಿ ನಾನು ನೋಡಿದ್ದು ನನ್ನ ಮುಖವನ್ನೇ. ಈಗಲೂ ಹಲ್ಲುಜ್ಜುವಾಗ ಕನ್ನಡಿ ನೋಡುವುದಿಲ್ಲ.

ನಿಮ್ಮ ಪತ್ರ ಬಂದ ಮೇಲೆ ಆ ಕೊನೆಯ ಕೋಣೆಯನ್ನು ತೆರೆದು ನಿಜವಾದ ಮುಖ ಬರೆಯಲು ಕೂತೆ. ಕೈ ಏಳಲಿಲ್ಲ. ಆಗ ನೀವು ಕೇಳಿದ ಪ್ರಶ್ನೆ ಅರ್ಥವಾಯಿತು. ಎರಡು ವರ್ಷ ನಾನು ಕಟ್ಟಿದ್ದು ಜಾವೇದನ ನೆನಪನ್ನಲ್ಲ. ಆ ಬಾಗಿಲನ್ನು ದಾಟಿ ಹೋದ ಒಬ್ಬ ಒಳ್ಳೆಯ ಪ್ರಭುರಾಜನನ್ನು.

ನಾನು ಕೇಳಬಾರದ ಮಾತೊಂದನ್ನು ಕೇಳುತ್ತೇನೆ. ನೋಟ್‌ಬುಕ್ಕಿನಲ್ಲಿ ಬರೆದು ಮಾತಾಡುತ್ತಿದ್ದನಲ್ಲ, ನನ್ನ ಬಗ್ಗೆ ಏನಾದರೂ ಬರೆದಿದ್ದನೇ? ನನ್ನನ್ನು ಕೇಳಿದನೇ?

ಪ್ರಭು


ತಾವರಗೇರಾ
5 ಅಕ್ಟೋಬರ್ 2025

ಪ್ರಭುರಾಜ,

ಕೇಳಿದ್ದೀಯ, ಹೇಳುತ್ತೇನೆ. ಸುಳ್ಳು ಹೇಳಿ ಸಮಾಧಾನ ಮಾಡುವ ಮನಸ್ಸು ನನಗಿಲ್ಲ.

ನೀನು ಓಡಿಹೋದ ಆ ಭಾನುವಾರ ಅವನು ಇಡೀ ದಿನ ಏನೂ ಬರೆಯಲಿಲ್ಲ. ಸೋಮವಾರ ಬೆಳಿಗ್ಗೆ ಬರೆದದ್ದು ಇಷ್ಟು: "ಕಿಟಕಿ ಮುಚ್ಚು. ಕನ್ನಡಿ ತಗಿ. ಪ್ರಭ್ಯಾಗ ಬರಬ್ಯಾಡ ಅನ್ನು. ಬಂದ್ರ ಮತ್ತ ಕಾರಕೋತಾನ, ನಾನು ನೋಡಬೇಕಾಗ್ತೈತಿ." ಆಮೇಲೆ ನಿನ್ನ ಹೆಸರು ನೋಟ್‌ಬುಕ್ಕಿನಲ್ಲಿ ಎಲ್ಲಿಯೂ ಇಲ್ಲ. ಮೊದಲಿನಿಂದ ಕೊನೆಯವರೆಗೆ ಮತ್ತೆ ಹುಡುಕಿದೆ. ಇಲ್ಲ. ಕಿಟಕಿಯನ್ನು ನಾನು ಮುಚ್ಚಿದೆ. ಅವನು ಹೋಗುವವರೆಗೂ ಅದು ತೆರೆಯಲಿಲ್ಲ.

ಇಷ್ಟು ಬರೆದು ಪತ್ರ ಮುಗಿಸಬೇಕೆಂದಿದ್ದೆ. ನಿನ್ನ ಪತ್ರ ನಾಲ್ಕೈದು ಸಲ ಓದಿದ ಮೇಲೆ ಮುಗಿಸಲಾಗುತ್ತಿಲ್ಲ. ಥೂ ಎನ್ನಿಸಿತು ಎಂದು ಬರೆದಿದ್ದೀಯ. ಆ ಮಾತು ನನ್ನ ಬಾಯಲ್ಲೂ ಇತ್ತು.

ಡಿಸೆಂಬರಿನಲ್ಲಿ ಒಂದು ದಿನ ಅವನ ಬ್ಯಾಂಡೇಜು ಬಿಚ್ಚುವಾಗ ಒಂದು ಹುಳ ನನ್ನ ಬಳೆಯ ಒಳಗೆ ಹೋಯಿತು. ಕೈ ಕೊಡವಿದೆ. ಬಟ್ಟಲು ಉರುಳಿತು. ನನ್ನ ಬಾಯಿಂದ "ಛೀ" ಬಂತು, ಅವನ ಮುಖದ ಮೇಲೆಯೇ. ಮರುದಿನ ಬೆಳಿಗ್ಗೆ, ಕೊಪ್ಪಳದಲ್ಲಿ ಎರಡು ದಿನ ತರಬೇತಿ ಇದೆ ಎಂದು ಅಮ್ಮಿಗೆ ಹೇಳಿ ಮನೆ ಬಿಟ್ಟೆ. ತರಬೇತಿ ಇರಲಿಲ್ಲ. ಯಲಬುರ್ಗಾದಲ್ಲಿ ನನ್ನ ಡಿ.ಎಡ್. ಗೆಳತಿ ಪಂಪಾವತಿ ಇದ್ದಾಳೆ, ಅವಳ ಮನೆಗೆ ಹೋದೆ. ಸ್ನಾನ ಮಾಡಿದೆ. ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ ಉಂಡೆ. ಎರಡು ದಿನವೂ ಹೊಟ್ಟೆ ತುಂಬ ಉಂಡೆ, ಪ್ರಭು. ಮಧ್ಯಾಹ್ನವೂ ಮಲಗಿದೆ. ತಮ್ಮನ ಹೆಸರು ಒಮ್ಮೆಯೂ ಎತ್ತಲಿಲ್ಲ.

ತಿರುಗಿ ಬಂದಾಗ ಅಮ್ಮಿ ಮಂದಗಣ್ಣಿನಲ್ಲಿ ಎಲ್ಲವನ್ನೂ ತಾವೇ ಮಾಡಿದ್ದರು. ಅವನು ನೋಟ್‌ಬುಕ್ ಕೇಳಿ ಬರೆದ: "ಟ್ರೇನಿಂಗ್ ಛಲೋ ಆತೇನ ಆಪಾ?" ಬರೆದು ನನ್ನ ಮುಖ ನೋಡಿದ. ಅವನಿಗೆ ಗೊತ್ತಿತ್ತು. ನಾನು ಹೂಂ ಎಂದೆ.

ನಿನಗೆ ಅಷ್ಟು ದೊಡ್ಡ ದನಿಯಲ್ಲಿ ಬೈದದ್ದು ಯಾಕೆಂದು ಈಗ ನನಗೇ ತಿಳಿಯುತ್ತಿದೆ. ಅದರಿಂದ ನೀನು ಮಾಡಿದ್ದು ಸರಿಯಾಗುವುದಿಲ್ಲ. ನೀನು ಇನ್ನೂ ಅವನ ದನಿ ತೆಗೆದಿಲ್ಲ.

ಉಜ್ಮಾ


ಕೊಪ್ಪಳ
22 ನವೆಂಬರ್ 2025

ಆಪಾ,

ಅವನ ದನಿ ತೆಗೆದಿದ್ದೇನೆ. ಹೆಸರನ್ನೂ ತೆಗೆದಿದ್ದೇನೆ. ಇದರ ಜೊತೆಗಿರುವ ಚಿಕ್ಕ ಮೆಮೊರಿ ಕಾರ್ಡಿನಲ್ಲಿ ಆ ಮೂರು ಮಧ್ಯಾಹ್ನದ ರೆಕಾರ್ಡಿಂಗ್ ಪೂರ್ತಿಯಾಗಿವೆ. ಕೆಮ್ಮು, ನೀರು ಮುಕ್ಕಳಿಸುವ ಸದ್ದು, ನನ್ನನ್ನು ಬೈದದ್ದು, ಎಲ್ಲ. ನನ್ನ ಹತ್ತಿರ ಒಂದನ್ನೂ ಉಳಿಸಿಕೊಂಡಿಲ್ಲ. ಅವು ಅಮ್ಮಿಯವು. ಕೇಳುವುದು ಬಿಡುವುದು ಅವರಿಗೆ ಸೇರಿದ್ದು.

ಆಟವನ್ನು ಒಂದು ತಿಂಗಳು ಎಲ್ಲ ಕಡೆಯಿಂದ ತೆಗೆದುಹಾಕಿದ್ದೆ. ನನ್ನ ಜೊತೆ ಕೆಲಸ ಮಾಡಿದ ಪ್ರವೀಣಕುಮಾರ ಸಿಟ್ಟಾಗಿದ್ದಾನೆ. ಛಂದದ್ದನ್ನು ಹೊಲಸು ಮಾಡುತ್ತಿದ್ದೀಯ ಎಂದ. ಹೌದು ಎಂದೆ.

ಕೊನೆಯ ಕೋಣೆ ಗಡ್ಡೆಯಲ್ಲಿಲ್ಲ ಈಗ. ಗಿರಣಿಯ ಓಣಿಯಲ್ಲಿದೆ. ದಾರಿಹೋಕ ನೆನಪುಗಳನ್ನೆಲ್ಲ ಹೊತ್ತು ಬಾಗಿಲಿಗೆ ಬರುತ್ತಾನೆ. ಎರಡೇ ದಾರಿ: ಒಳಗೆ ಹೋಗು, ತಿರುಗಿ ಹೋಗು. ತಿರುಗಿದರೆ ಚರಂಡಿ, ಬಸ್ಸು, ಕೊಪ್ಪಳ. ತಂದ ನೆನಪುಗಳು ಅವನ ಕೈಯಲ್ಲಿಯೇ ಉಳಿಯುತ್ತವೆ. ಅಷ್ಟನ್ನು ನಾನು ಸರಿಯಾಗಿ ಮಾಡಿದ್ದೇನೆ, ಅದು ನನಗೆ ಗೊತ್ತಿರುವ ದಾರಿ. ಒಳಗೆ ಹೋದರೆ ಬರೀ ನಾಲ್ಕು ಗೋಡೆ. ಒಳಗೆ ಏನಿತ್ತೋ ನಾನು ನೋಡಿದವನಲ್ಲ. ಮತ್ತೆ ಸುಳ್ಳು ತುಂಬಲಾರೆ.

ನಿಮ್ಮ ಫೋನಿಗೆ ಲಿಂಕ್ ಕಳಿಸಿದ್ದೇನೆ. ನೋಡಬೇಕೆನ್ನಿಸಿದರೆ ನೋಡಿ.

ಪ್ರಭು


ತಾವರಗೇರಾ
7 ಡಿಸೆಂಬರ್ 2025

ಪ್ರಭು,

ಕಾರ್ಡು ಸಿಕ್ಕಿತು. ಈಗ ನನ್ನ ಜೊತೆ ಇಲ್ಲಿಯೇ ಇರುವ ಅಮ್ಮಿ ಒಂದೇ ಸಲ ಕೇಳಿದರು, ಅದೂ ಐದಾರು ನಿಮಿಷ. ಬಾಯಿ ನೋಯುತ್ತಿದೆ ಅವನಿಗೆ, ಸಾಕು ಎಂದು ನಿಲ್ಲಿಸಲು ಹೇಳಿದರು. ಅದನ್ನು ತಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.

ಇವತ್ತು ರಜೆ. ಬಿಸಿಲಿಗೆ ಅಂಗಳದಲ್ಲಿ ಕೂತು ನಿನ್ನ ಹೊಸ ಆಟ ಆಡಿದೆ. ಬಾಗಿಲಿಗೆ ಬಂದೆ. ತಿರುಗಿ ಹೋಗು ಎಂಬುದನ್ನು ಒತ್ತಿದೆ. ಬೇಕೆಂದೇ ಒತ್ತಿದ್ದಲ್ಲ, ಬೆರಳು ತಾನಾಗಿ ಅತ್ತ ಹೋಯಿತು. ಚರಂಡಿ ಬಂತು. ಬಸ್ಸು ಬಂತು. ಅದು ಕೊಪ್ಪಳಕ್ಕೆ ಹೋಯಿತು, ಯಲಬುರ್ಗಾಕ್ಕಲ್ಲ, ಅಷ್ಟೇ ವ್ಯತ್ಯಾಸ.

ಅಮ್ಮಿ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದರು. ಏನದು, ಯಾಕೆ ಸುಮ್ಮನೆ ಕೂತೆ ಎಂದು ಕೇಳಿದರು. ಆಗ ಎಲ್ಲವನ್ನೂ ಹೇಳಿದೆ. ನಿನ್ನದನ್ನು ಹೇಳಿದೆ, ಮೊದಲ ಚೀಟಿನ ಮಾತು ಸಹಿತ. ಆಮೇಲೆ ನನ್ನ ತರಬೇತಿಯನ್ನೂ ಹೇಳಿದೆ. ಚೀಟಿನ ವಿಷಯಕ್ಕೆ ಅಮ್ಮಿಯ ಮುಖ ಬಿಗಿಯಿತು. ಅದನ್ನು ಅವರು ಕ್ಷಮಿಸಿದರೆಂದು ನಾನು ಬರೆಯಲಾರೆ. ನನ್ನನ್ನು ಕೇಳಿದ್ದು ಒಂದೇ: ಯಲಬುರ್ಗಾದಲ್ಲಿ ನಿದ್ದೆ ಬಂತೇ?

ಆಮೇಲೆ ಫೋನು ತೆಗೆದುಕೊಂಡು ಬಾಗಿಲು ಎಲ್ಲಿದೆ ಎಂದರು. ತೋರಿಸಿದೆ. ಒಳಗೆ ಹೋಗುವುದು ಯಾವುದೆಂದು ಕೇಳಿ ಒತ್ತಿದರು. ನಾಲ್ಕು ಗೋಡೆ ಬಂದವು. ಕನ್ನಡಕ ಏರಿಸಿ ಎಲ್ಲ ಮೂಲೆ ನೋಡಿದರು. ಮಂಚ ಎಲ್ಲಿ, ಅವನ ತಲೆ ಪಶ್ಚಿಮಕ್ಕಿತ್ತು, ಉಗುಳುವ ಡಬ್ಬಿ ಕೈಗೆ ಸಿಗುವಂತೆ ಎಡಗಡೆ ಇತ್ತು ಎಂದು ಒಂದೊಂದಾಗಿ ಹೇಳತೊಡಗಿದರು. ಈ ಹುಡುಗ ಏನೂ ಇಟ್ಟೇ ಇಲ್ಲವಲ್ಲ ಎಂದರು. ಅವನು ನೋಡಿಲ್ಲ ಅಮ್ಮಿ ಎಂದೆ.

ನಾನು ಅವರನ್ನು ಕೇಳಿದೆ, ನಿಮಗೆ ಎಂದೂ ಅಸಹ್ಯವಾಗಲಿಲ್ಲವೇ ಎಂದು. ಮನೆಯಲ್ಲಿ ನಾವು ಉರ್ದುವಿನಲ್ಲಿಯೇ ಮಾತಾಡುತ್ತೇವೆ, ನಿನಗೆ ಗೊತ್ತು. ಇದನ್ನು ಮಾತ್ರ ಅಮ್ಮಿ ಕನ್ನಡದಲ್ಲಿ ಹೇಳಿದರು, ನಿನಗೆ ಹಾಗೆಯೇ ಬರೆಯಬೇಕೆಂದು:

"ಹೇಸಿಕಿ ಬರ್ತಿತ್ತು. ದಿನಾ ಬರ್ತಿತ್ತು. ಹೆತ್ತಾಕಿಗೆ ಬರೂದಿಲ್ಲ ಅಂತ ಯಾರ ಹೇಳ್ಯಾರ? ಬಂದ್ರ ಬರಲಿ. ಮಾಡೂದು ಮಾಡಿ ಕೈ ತೊಳಕೊಂಡ್ರ ಆತು."

ಅದಾದ ಮೇಲೆ ನೀನು ಬರಬೇಕೆಂದರು. ಡಿಸೆಂಬರ್ 21, ಭಾನುವಾರ, ಗಂಗಾವತಿಯ ಮನೆಗೆ. ಆ ಕೋಣೆ ಬೀಗ ಹಾಕಿಯೇ ಇದೆ. ಕಿಟಕಿ ತೆರೆದು, ಯಾವುದು ಎಲ್ಲಿತ್ತು ಎಂದು ಅಮ್ಮಿ ನಿಂತು ತೋರಿಸುತ್ತಾರಂತೆ. ಮುಖ ಹೇಗಿತ್ತೆಂದು ನಾನು ಹೇಳಬೇಕಂತೆ, ತಮಗೆ ಆಗ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲವಲ್ಲ ಎಂದು. ನಾನು ಒಪ್ಪಿದ್ದೇನೆ. ನನಗೆ ಇಷ್ಟವಿದೆ ಎಂದು ತಿಳಿಯಬೇಡ.

ಗಿರಣಿಯ ಮೂಲೆಯಲ್ಲಿ ನಿಲ್ಲಬೇಡ. ಅಲ್ಲಿಗೆ ಬಂದು ಕರೆದುಕೊಂಡು ಹೋಗಲು ಯಾರೂ ಇರುವುದಿಲ್ಲ. ಬಾಗಿಲು ತೆರೆದಿರುತ್ತದೆ.

ಕೊನೆಯದಾಗಿ ಅಮ್ಮಿ ಹೇಳಿದ್ದು: "ಉಂಡು ಬರಬ್ಯಾಡ ಅನ್ನು. ಎಲ್ಲಾ ನೋಡೂದು ಮುಗದ ಮ್ಯಾಲ, ಮೂರೂ ಮಂದಿ ಕೈ ತೊಳಕೊಂಡು ಕೂಡೇ ಉಣ್ಣೂಣು."

ಆಪಾ